ಅರ್ಧ ಹೊಂಡ ಅಂದ್ರೆ ಅರ್ಧ ನೀರಲ್ಲ

ಮಾನ್ಯ ಸಂಪಾದಕರೇ,

ಅಡಿಕೆ ಕೊಯ್ಲು ಮುಗಿಯಿತು ಅನ್ನುವಷ್ಟರಲ್ಲಿ ನಮ್ಮ ಶಿರಸಿ, ಸಿದ್ದಾಪುರ ಕಡೆ ಜೆಸಿಬಿ ಸದ್ದು ಶುರುವಾಗುತ್ತದೆ. ಮಳೆಗಾಲದಲ್ಲಿ ಅಷ್ಟೊಂದು ನೀರು ಹರಿದು ಹೋದರೂ ಏಪ್ರಿಲ್‌ ಬಂದರೆ ತೋಟಕ್ಕೆ ನೀರಿಲ್ಲ, ಹಾಗಾಗಿ ತೋಟದ ಮೇಲ್ಭಾಗದಲ್ಲಿ ಹೊಂಡ ತೋಡಿಸಿ, ಜಂಬಿಟ್ಟಿಗೆ ಮಣ್ಣು ನೀರು ಕುಡಿಯದಂತೆ ಪ್ಲಾಸ್ಟಿಕ್ ಶೀಟು ಹಾಸುತ್ತೇವೆ. ಒಳ್ಳೆಯದೇ. ಆದರೆ ಲೆಕ್ಕ ಮಾತ್ರ ಬಾಯಿಗೆ ಬಂದಂತೆ ನಡೆಯುತ್ತಿದೆ.

ನಮ್ಮೂರಿನಲ್ಲೇ ಒಬ್ಬರ ಹೊಂಡ ನೋಡಿ. ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಆಳ 3 ಮೀಟರ್. ಅಗೆತದ ಬಿಲ್ಲು 300 ಘನ ಮೀಟರಿಗೆ ಬಂತು, ಉದ್ದ ಗುಣಿಸು ಅಗಲ ಗುಣಿಸು ಆಳ ಅಂತ! ಅದು ನೆಟ್ಟಗಿನ ತೊಟ್ಟಿಯ ಲೆಕ್ಕ. ಮಣ್ಣು ಕುಸಿಯಬಾರದು ಅಂತ ಇವರು ನಾಲ್ಕೂ ಕಡೆ ಇಳಿಜಾರು ಕೊಟ್ಟಿದ್ದರು, ತಳ ಬರೀ 4 ಮೀಟರ್ ಚೌಕ. ಇಂಥದ್ದಕ್ಕೆ ಮೇಲಿನ ವಿಸ್ತೀರ್ಣ 100, ತಳದ್ದು 16, ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ 40, ಮೂರನ್ನೂ ಕೂಡಿಸಿ ಆಳದ ಮೂರನೇ ಒಂದು ಭಾಗದಿಂದ ಗುಣಿಸಬೇಕು. 156 ಘನ ಮೀಟರ್. ಬಿಲ್ಲಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಟಿಪ್ಪರ್ ಎಣಿಸಿ ಹಿಡಿಯೋಣ ಅಂದರೂ ಆಗುವುದಿಲ್ಲ, ಅಗೆದ ಮಣ್ಣು ಸಡಿಲಾಗಿ ಉಬ್ಬುತ್ತದೆ, ಲೋಡು ಯಾವಾಗಲೂ ಹೆಚ್ಚೇ ತೋರುತ್ತದೆ.

ದುಡ್ಡಿನ ಕಥೆ ಹಾಗಿರಲಿ, ನೀರಿನದ್ದು ಇನ್ನೂ ಕಷ್ಟ. ತುಂಬಿದಾಗ 1 ಲಕ್ಷದ 56 ಸಾವಿರ ಲೀಟರ್. ನೀರು ಒಂದೂವರೆ ಮೀಟರಿಗೆ ಇಳಿದಾಗ ಎಲ್ಲರೂ ‘ಇನ್ನೂ ಅರ್ಧ ಇದೆ ಬಿಡು’ ಅನ್ನುತ್ತಾರೆ. ಇಲ್ಲ. ಆಗ ನೀರಿನ ಮೇಲ್ಮೈ 7 ಮೀಟರ್ ಚೌಕ, ಕೆಳಗೆ ಉಳಿದಿರುವುದು 46,500 ಲೀಟರ್, ಅಂದರೆ ಮೂರರಲ್ಲಿ ಒಂದು ಪಾಲೂ ಅಲ್ಲ. 100 ಮರಕ್ಕೆ ದಿನಕ್ಕೆ 15 ಲೀಟರಿನಂತೆ ಬಿಟ್ಟರೆ ಒಂದು ತಿಂಗಳಿಗೆ ಖಾಲಿ, ಅರ್ಧ ಇದೆ ಅಂತ ನಂಬಿದವರು 52 ದಿನ ಬರುತ್ತದೆ ಅಂದುಕೊಂಡಿರುತ್ತಾರೆ. ಬಿಸಿಲಿಗೆ ಆರಿ ಹೋಗುವುದು ಬೇರೆ. ಅದು ಮೇಲ್ಮೈ ಲೆಕ್ಕ, ತುಂಬಿದ ಹೊಂಡದಲ್ಲಿ ದಿನಕ್ಕೆ 5 ಮಿಲಿಮೀಟರ್ ಆರಿದರೂ 500 ಲೀಟರ್ ಹೋಯಿತು.

ಶೀಟಿನದ್ದೂ ಇದೇ ಗೋಳು. 10 ಮೀಟರ್ ಹೊಂಡಕ್ಕೆ 11 ಮೀಟರ್ ಶೀಟು ತಂದು, ಅಂಚಿಗೆ ಮುಟ್ಟದೆ ಎಳೆದಾಡುವವರನ್ನು ನೋಡಿದ್ದೇನೆ. ಸೂತ್ರ ಬೇಡ ಅನ್ನುವವರಿಗೆ ಒಂದು ಹಗ್ಗ ಸಾಕು. ಒಂದು ದಂಡೆಯ ನಡುವಿನಿಂದ ಇಳಿಜಾರಿಗೆ ತಾಗಿಸಿ ಇಳಿಸಿ, ತಳದ ಮೇಲೆ ಎಳೆದು, ಎದುರು ದಂಡೆಗೆ ಹತ್ತಿಸಿ, ಎರಡೂ ಕಡೆ ಗಂಟು ಹಾಕಿ ಟೇಪಿನಲ್ಲಿ ಅಳೆಯಿರಿ. ಈ ಹೊಂಡಕ್ಕೆ ಹತ್ತಿರ ಹತ್ತಿರ 12.5 ಮೀಟರ್ ಬರುತ್ತದೆ. ದಂಡೆಯಲ್ಲಿ ಹೂಳಲು ಆ ಕಡೆ ಈ ಕಡೆ ಅರ್ಧರ್ಧ ಮೀಟರ್ ಸೇರಿಸಿದರೆ 13.5 ಮೀಟರ್ ಚೌಕದ ಶೀಟು ಬೇಕು, ಸುಮಾರು 182 ಚದರ ಮೀಟರ್. ಒಳಮೈ ನಿಜಕ್ಕೂ ಇರುವುದು 135, ಉಳಿದದ್ದು ದಂಡೆಗೆ ಮತ್ತು ಮೂಲೆಯ ಮಡಿಕೆಗೆ. ಅಂಗಡಿಯವರು 182 ಕೇಳಿದರೆ ಮೋಸ ಅಂತ ಜಗಳಕ್ಕೆ ನಿಲ್ಲಬೇಡಿ, ಅಲ್ಲಿ ಅವರು ಸರಿ.

ಇಷ್ಟೆಲ್ಲ ಬರೆಯಲು ಕಾರಣವಿದೆ. 10ನೇ ತರಗತಿ ಗಣಿತದಲ್ಲಿ ಶಂಕುವಿನ ಭಿನ್ನಕ ಅಂತ ಒಂದು ಪಾಠ ಇತ್ತು, ಬಕೆಟ್ಟಿನ ಆಕಾರದ್ದು. ನಮ್ಮ ಹೊಂಡ ಅದರ ಚೌಕದ ರೂಪ ಅಷ್ಟೇ, ಸೂತ್ರ ಒಂದೇ. 2022-23ರಲ್ಲಿ ಪಠ್ಯದ ಹೊರೆ ಇಳಿಸುವಾಗ ಎನ್‌ಸಿಇಆರ್‌ಟಿ ಅದನ್ನೇ ತೆಗೆದು ಹಾಕಿತು. ಗೋಳ, ಶಂಕು ಎಲ್ಲ ಉಳಿದವು, ತೋಟದವರಿಗೆ ದಿನಾ ಬೇಕಾದದ್ದು ಹೋಯಿತು. ಪುಸ್ತಕಕ್ಕೆ ವಾಪಸ್ ಬರುವವರೆಗೆ ನಮ್ಮ ಜಿಲ್ಲೆಯ ಗಣಿತ ಮೇಷ್ಟ್ರುಗಳು ಮಕ್ಕಳನ್ನು ಒಂದು ಮಧ್ಯಾಹ್ನ ಹತ್ತಿರದ ಹೊಂಡಕ್ಕೆ ಟೇಪು, ಹಗ್ಗ ಕೊಟ್ಟು ಕರೆದುಕೊಂಡು ಹೋಗಬಹುದಲ್ವಾ? ಹಾಗೇ ಹೊಂಡ ತೋಡುವವರ ಬಿಲ್ಲಿನಲ್ಲಿ ಮೇಲಿನ ಅಳತೆ, ತಳದ ಅಳತೆ, ಆಳ ಮೂರೂ ಬರೆದಿರಬೇಕು ಅಂತ ರೈತ ಸಂಪರ್ಕ ಕೇಂದ್ರದವರು ಒಂದು ಬೋರ್ಡು ಹಾಕಿಸಲಿ.

– ಒಬ್ಬ ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು