ನಗಿಸಲು ಹೊರಟ ಮಗನಿಗೆ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಚೇರಿಯ ಕಟ್ಟುಪಾಡು ಸಾಕಾಗಿದೆ, ಕೆಲಸ ಬಿಟ್ಟು ಹಾಸ್ಯವನ್ನೇ ನೆಚ್ಚಿಕೊಳ್ಳುತ್ತೇನೆ ಎಂದು ಬರೆದಿದ್ದೀಯೆ. ಬೇಡವೆನ್ನಲು ಈ ಕಾಗದ ಬರೆಯುತ್ತಿಲ್ಲ. ಆದರೆ ರಾಜೀನಾಮೆ ಕೊಡುವ ಮೊದಲು ಸ್ಕಾಟ್ಲೆಂಡಿನ ಹಾಸ್ಯಗಾರ, ಹಾಡುಗಾರ ಹ್ಯಾರಿ ಲಾಡರ್ ಅವರ ಬಾಳನ್ನು ನೀನು ಸ್ವಲ್ಪ ಗಮನಿಸಬೇಕೆಂಬುದು ನನ್ನ ಆಸೆ.

1870ರಲ್ಲಿ ಎಡಿನ್‌ಬರೋ ಬಳಿಯ ಪೋರ್ಟೊಬೆಲ್ಲೊದಲ್ಲಿ ಹುಟ್ಟಿದ ಅವರು, ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ನಾರಿನ ಗಿರಣಿಯಲ್ಲಿ ದುಡಿದು, ಆಮೇಲೆ ಹ್ಯಾಮಿಲ್ಟನ್ನಿನ ಕಲ್ಲಿದ್ದಲ ಗಣಿಗಿಳಿದು ಸುಮಾರು ಹತ್ತು ವರ್ಷ ಅಲ್ಲೇ ಕಳೆದರು. ಅವರ ಹಾಡನ್ನು ಮೊದಲು ಮೆಚ್ಚಿ, ವೇದಿಕೆ ಹತ್ತು ಎಂದು ಹುರಿದುಂಬಿಸಿದವರು ಜೊತೆಯ ಗಣಿ ಕಾರ್ಮಿಕರೇ. ಹಾಡಿಗೆ ಸಿಕ್ಕ ಮೊದಲ ಸಂಭಾವನೆ ಐದು ಶಿಲಿಂಗ್. ಲಂಡನ್ನಿನ ವೇದಿಕೆ ದೊರೆತದ್ದು 1900ರಲ್ಲಿ.

ಕಟ್ಟುಪಾಡಿನ ವಿಷಯಕ್ಕೆ ಬರುತ್ತೇನೆ. 1916ರ ಡಿಸೆಂಬರ್ 28ರಂದು ಅವರ ಒಬ್ಬನೇ ಮಗ, ಕ್ಯಾಪ್ಟನ್ ಜಾನ್, ಫ್ರಾನ್ಸಿನ ಯುದ್ಧಭೂಮಿಯಲ್ಲಿ ಮಡಿದ. ಹೊಸ ವರ್ಷದ ದಿನ ತಂತಿ ಬಂತು. ತಾವು ಬಿಟ್ಟರೆ ಆಗ ಆಡುತ್ತಿದ್ದ ನಾಟಕವೇ ನಿಲ್ಲುತ್ತದೆ, ಅದನ್ನೇ ನಂಬಿದವರ ಅನ್ನಕ್ಕೆ ಕುತ್ತು ಬರುತ್ತದೆ ಎಂದು ತಿಳಿದು, ಕೆಲವೇ ದಿನಗಳಲ್ಲಿ ಅವರು ಮತ್ತೆ ಬಣ್ಣ ಹಚ್ಚಿದರು. ಅಂದು ಹಾಡಬೇಕಿದ್ದ ಹಾಡಿನಲ್ಲಿ, ಯುದ್ಧ ಗೆದ್ದು ಮನೆಗೆ ಬಂದ ಮಗನಿಗೆ ತಾಯಿ ಮುತ್ತಿಡುವ ಸಾಲಿತ್ತು. ಆ ಸಾಲನ್ನು ಅವರು ಹಾಡಿದರು. ಇದನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ನೀನು ತಪ್ಪಿಸಿಕೊಳ್ಳಬೇಕೆಂದಿರುವ ಕಟ್ಟುಪಾಡಿಗಿಂತ ಬಿಗಿಯಾದದ್ದು ಅಲ್ಲಿದೆ ಮಗು.

1919ರಲ್ಲಿ ಅವರಿಗೆ ಸರ್ ಪದವಿ ಬಂತು. 1927ರಲ್ಲಿ ‘ಹಂಟಿಂಗ್‌ಟವರ್’ ಎಂಬ ಮೂಕಿಚಿತ್ರದಲ್ಲಿ, ಹಾಡಿನ ಆಸರೆಯೇ ಇಲ್ಲದೆ, ಕಿರಾಣಿ ವ್ಯಾಪಾರಿಯಾಗಿ ನಟಿಸಿದರು. ಆದರೂ ಅವರ ಒಂದು ನಡೆಯನ್ನು ನಾನು ಒಪ್ಪಲಾರೆ. ಸ್ಕಾಟ್ ಗಂಡಸರ ನೆರಿಗೆಯ ಉಡುಪಾದ ಕಿಲ್ಟ್ ಉಟ್ಟು, ಸೊಟ್ಟ ಊರುಗೋಲು ಹಿಡಿದು, ಸ್ಕಾಟ್ ಜನರೆಂದರೆ ಜಿಪುಣರೆಂಬ ನಗೆಯನ್ನು ಅವರು ದೇಶದೇಶಗಳಿಗೆ ಹೊತ್ತೊಯ್ದರು. ಹೊರಗಿನವರು ಮನಸಾರೆ ನಕ್ಕರು. ಅವರದೇ ನಾಡಿನ ಕವಿ ಹ್ಯೂ ಮ್ಯಾಕ್‌ಡಿಯರ್ಮಿಡ್ ಮಾತ್ರ ಅದನ್ನು ಕಟುವಾಗಿ ಖಂಡಿಸಿದರು. ಗಣಿಯವರನ್ನು ನಗಿಸಿ ಬೆಳೆದ ಕಲಾವಿದನ ಮೇಲೆ ಈ ಆಕ್ಷೇಪ ಬಂದದ್ದು ನನಗೆ ಸಣ್ಣ ಮಾತಾಗಿ ಕಾಣುವುದಿಲ್ಲ.

ನೀನು ಕಳಿಸಿದ ವಿಡಿಯೋ ನೋಡಿದೆ. ಅಜ್ಜಿ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸುವುದನ್ನು ಅಭಿನಯಿಸಿದ್ದೀಯೆ, ಸಭೆ ಬಿದ್ದು ಬಿದ್ದು ನಕ್ಕಿದೆ. ದೀಪಾವಳಿಗೆ ಬಂದಾಗ ಅದನ್ನು ನಡುಮನೆಯಲ್ಲಿ, ಅಜ್ಜಿಯ ಎದುರಿಗೇ ಆಡಿ ತೋರಿಸು. ರಾಜೀನಾಮೆಯ ಮಾತನ್ನು ಆಮೇಲೆ ಆಡೋಣ.

ನಿನ್ನ ದೊಡ್ಡಪ್ಪ