ಸಂಜೆಯ ಪಾವ್ ನಿಲ್ಲುತ್ತಿದೆ: ನಮ್ಮ ಗಿರಾಕಿಗಳಿಗೆ ಒಂದು ಪತ್ರ

ಕೋಡಿಬಾಗ, ಕಾರವಾರ

ನಮ್ಮ ಎಲ್ಲ ಗಿರಾಕಿಗಳಿಗೆ ನಮಸ್ಕಾರ.

ಬರುವ ಒಂದನೇ ತಾರೀಖಿನಿಂದ ನಮ್ಮ ಬೇಕರಿಯಲ್ಲಿ ಸಂಜೆಯ ಪಾವ್ ಸಿಗುವುದಿಲ್ಲ. ಬೆಳಗಿನದು ಎಂದಿನಂತೆ ಐದೂವರೆಗೆ ಸೈಕಲ್ ಏರಿ ಹೊರಡುತ್ತದೆ, ಪೋಂ ಪೋಂ ಸದ್ದು ತಪ್ಪುವುದಿಲ್ಲ. ಪಾವ್ ಬೆಲೆ 5 ರೂಪಾಯಿ ಇದ್ದದ್ದು 6 ಆಗುತ್ತದೆ. ಹೆತ್ತವರ ಆಸರೆ ಇಲ್ಲದ ಮಕ್ಕಳ ಮನೆಯೊಂದಕ್ಕಾಗಿ ಗಲ್ಲೆಯ ಪಕ್ಕ ಇಟ್ಟಿದ್ದ ದೇಣಿಗೆ ಡಬ್ಬಿಯನ್ನು ತೆಗೆದಿದ್ದೇವೆ. ಸಂಜೆಯ ಪಾವ್‌ಗೂ ಡಬ್ಬಿಗೂ ಒಂದಕ್ಕೊಂದು ಸಂಬಂಧ ಇದೆ, ಬೆಲೆಗೆ ಇಲ್ಲ. ಮೂರನ್ನೂ ಕಲಸಿ ಊರಲ್ಲಿ ಮಾತು ಹುಟ್ಟುವ ಮೊದಲು ನಾವೇ ಹೇಳಿಬಿಡೋಣ ಎಂದು ಬರೆಯುತ್ತಿದ್ದೇನೆ.

ಬೆಲೆಯ ವಿಷಯ ಮೊದಲು ಮುಗಿಸುತ್ತೇನೆ. ಮೈದಾ ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದು ಬರಬೇಕು, ಲಾರಿ ಬಾಡಿಗೆ ಏರಿದೆ. ಭಟ್ಟಿಗೆ ಹಾಕುವ ಗಾಳಿಮರದ ಕಟ್ಟಿಗೆಯೂ ಹಳೆಯ ದರಕ್ಕೆ ಸಿಗುತ್ತಿಲ್ಲ. ಪಾವ್‌ಗೆ ಜಿಎಸ್‌ಟಿ ಇಲ್ಲ, ಆದ್ದರಿಂದ ಆ ನೆಪ ಹೇಳುವುದಿಲ್ಲ. ಏರಿಸಿದ ಒಂದು ರೂಪಾಯಿಯಲ್ಲಿ ಒಂದು ಪೈಸೆಯೂ ಆ ಮಕ್ಕಳ ಮನೆಗೆ ಹೋಗುವುದಿಲ್ಲ. ನಿಮ್ಮನ್ನು ಕೇಳದೆ ನಿಮ್ಮ ಕಿಸೆಯಿಂದ ಧರ್ಮ ಮಾಡುವ ಹಕ್ಕು ನಮಗಿಲ್ಲ.

ಆ ಮಕ್ಕಳ ಮನೆ ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ನಿಮ್ಮಲ್ಲಿ ಕೆಲವರಿಗೆ ಗೊತ್ತು, ಗೊತ್ತಿದ್ದಷ್ಟು ಸಾಕು. ಅಂಥ ಮಕ್ಕಳ ಹೆಸರು, ವಿಳಾಸ, ಶಾಲೆ, ಫೋಟೊ, ಗುರುತು ಸಿಗುವ ಯಾವುದನ್ನೂ ಪ್ರಕಟಿಸಬಾರದು ಎಂದು 2015ರ ಬಾಲ ನ್ಯಾಯ ಕಾಯ್ದೆ ಹೇಳುತ್ತದೆ. ಈ ಪತ್ರ ಎಷ್ಟು ವಾಟ್ಸಾಪ್ ಗುಂಪುಗಳನ್ನು ಸುತ್ತುತ್ತದೆಯೋ ಯಾರು ಬಲ್ಲರು.

ಅಲ್ಲಿಗೆ ದಿನಕ್ಕೆ ನಮ್ಮ 60 ಪಾವ್ ಹೋಗುತ್ತದೆ. ವರ್ಷಾನುಗಟ್ಟಲೆ ತಿಂಗಳ ಕೊನೆಗೆ ಬಿಲ್ ಚುಕ್ತಾ ಆಗುತ್ತಿತ್ತು. ಹೋದ ವರ್ಷ ಒಂದು ತಿಂಗಳು ತಪ್ಪಿತು, ಆಮೇಲೆ ಇನ್ನೊಂದು. ಐದು ತಿಂಗಳ ಉದ್ರಿ 45,000 ರೂಪಾಯಿ ಮುಟ್ಟಿದಾಗ ನಾನು ಲೆಕ್ಕದ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹೊರಟೆ. ಜಗಳಕ್ಕೇ ಹೋಗಿದ್ದು, ಸುಳ್ಳು ಹೇಳುವುದಿಲ್ಲ.

ಆ ಮನೆ ನಡೆಸುವವರು ತಮ್ಮ ಪುಸ್ತಕವನ್ನೂ ತಂದು ನನ್ನದರ ಪಕ್ಕದಲ್ಲಿ ಬಿಡಿಸಿಟ್ಟರು. ಆ ಮನೆ ಬಹುಕಾಲ ನಡೆದದ್ದು ಹೊರದೇಶದ ದೇಣಿಗೆಯಿಂದ. ಅದೂ ನೇರ ಬರುತ್ತಿರಲಿಲ್ಲ, ದೊಡ್ಡ ಸಂಸ್ಥೆಯೊಂದಕ್ಕೆ ಬಂದು ಅಲ್ಲಿಂದ ಇವರಿಗೆ ಪಾಲು ಸಿಗುತ್ತಿತ್ತು. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಆಗಿ, ಒಂದು ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಇನ್ನೊಂದಕ್ಕೆ ದಾಟಿಸುವಂತಿಲ್ಲ ಎಂದಾಯಿತು. ಬೇಕಾದವರು ತಾವೇ ನೋಂದಣಿ ಮಾಡಿಸಿ, ದಿಲ್ಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿ ಖಾತೆ ತೆರೆದು ತರಿಸಿಕೊಳ್ಳಬೇಕು. ಕಾಯ್ದೆ ಸರಿಯೋ ತಪ್ಪೋ, ಅದು ಭಟ್ಟಿಯ ಮುಂದೆ ನಿಂತು ತೀರ್ಮಾನಿಸುವ ವಿಷಯವಲ್ಲ. ಇಂಥ ಸಣ್ಣ ಮನೆಗೆ ಅಷ್ಟೆಲ್ಲ ಓಡಾಡುವ ಜನ ಎಲ್ಲಿದ್ದಾರೆ? ಕೂಡಿಟ್ಟದ್ದರಲ್ಲಿ ನಾಲ್ಕಾರು ವರ್ಷ ನೂಕಿದರು. ಸಂಬಳದ ಆಯಾಗಳು ಒಬ್ಬೊಬ್ಬರಾಗಿ ಹೋದರು. ಅಡುಗೆಯವಳು ಮಾತ್ರ ಉಳಿದಿದ್ದಾಳೆ.

ಉಳಿದ ಕೆಲಸವನ್ನೆಲ್ಲ ಈಗ ಮಾಡುವವರು ಇಗರ್ಜಿಯ ಜನ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ 40 ದಿನ ಸರದಿ ಹಾಕಿಕೊಂಡು ಸೇವೆ ಮಾಡೋಣ ಎಂದು ಬಂದವರು, ಈಸ್ಟರ್ ಮುಗಿದ ಮೇಲೂ ಮನೆಗೆ ಹೋಗಲಿಲ್ಲ. ಕಾಲೇಜು ಹುಡುಗಿಯರು ಸಂಜೆ ಪಾಠ ಹೇಳುತ್ತಾರೆ. ಬೋಟಿಗೆ ಹೋಗುವ ಇಬ್ಬರು ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಲ್ಲಿ ಕೈ ಖಾಲಿ ಇದ್ದಾಗ ಹಂಚು ಕೈಯಾಡಿಸಿ, ಸೋರುವ ಮೂಲೆಗೆ ತಾಡಪತ್ರಿ ಕಟ್ಟಿದರು. ಬೋಟು ಇಳಿದ ಮೇಲೆ ದುಡ್ಡು ಕೊಡುತ್ತೇವೆ, ಈಗ ಮೈ ಇದೆ, ಮೈ ಕೊಡುತ್ತೇವೆ ಅಂದರಂತೆ. ರಾತ್ರಿ ಪಾಳಿಗೆ ನಿವೃತ್ತ ನರ್ಸ್ ಒಬ್ಬರು. ಮಕ್ಕಳು ಅವರನ್ನು ಸಿಸ್ಟರ್ ಎನ್ನುತ್ತಾರೆ, ಆಸ್ಪತ್ರೆಯ ಸಿಸ್ಟರ್, ಕಾನ್ವೆಂಟಿನ ಸಿಸ್ಟರ್ ಅಲ್ಲ. ನಾವು ಗೌರವದಿಂದ ಬಾಯಿ ಎನ್ನುತ್ತೇವೆ, ಅಮ್ಮ, ಅಕ್ಕ ಎಂದ ಹಾಗೆ.

ಗಿರಾಕಿಗಳಲ್ಲಿ ಕೆಲವರು ನನ್ನನ್ನು ಮೆಲ್ಲಗೆ ಕೇಳಿದ್ದಾರೆ: ಮಕ್ಕಳನ್ನು ಜಾತಿ ಕೆಡಿಸುತ್ತಾರಾ? ಮೊದಲ ದಿನ ನಾನೂ ಬಾಯಿಯನ್ನು ಇದನ್ನೇ ಕೇಳಿದ್ದೆ, ಮೆಲ್ಲಗೆ ಅಲ್ಲ. ಮಕ್ಕಳನ್ನು ಅವರು ಹುಡುಕಿ ತರುವುದಿಲ್ಲ. ಯಾವ ಮಗು ಎಲ್ಲಿರಬೇಕು ಎಂದು ಆದೇಶ ಮಾಡುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಬಾಯಿ ಅಷ್ಟು ಹೇಳಿ, "ತಮ್ಮಾ, ಚವತಿಗೆ ಅರ್ಧ ಮಕ್ಕಳು ಗಣಪತಿ ನೋಡಲಿಕ್ಕೆ ಹೋಗ್ತಾವೆ. ಕರಕೊಂಡು ಹೋಗ್ಲಿಕ್ಕೆ ಜನ ಸಾಲೂದಿಲ್ಲ, ನೀ ಬರ್ತೀಯಾ?" ಎಂದರು. ಹೋದೆ. ಎಂಟು ಮಕ್ಕಳ ಕೈ ಹಿಡಿದು ರಸ್ತೆ ದಾಟಿಸುವುದು ನೂರು ಕಿಲೋ ಮೈದಾ ನಾದುವುದಕ್ಕಿಂತ ಕಷ್ಟ.

ಇಷ್ಟಾದ ಮೇಲೆ ನಾವು ಉದಾರಿಗಳಾದೆವು. ಅಲ್ಲೇ ನಮ್ಮ ತಪ್ಪು ನಡೆದದ್ದು. ಇನ್ನು ದುಡ್ಡೇ ಬೇಡ, ಸಂಜೆ ಮಾರಾಟವಾಗದೆ ಉಳಿದದ್ದನ್ನು ಬೆಳಿಗ್ಗೆ ಅಲ್ಲಿಗೆ ಕಳಿಸೋಣ ಎಂದು ನಮ್ಮ ಭಾವ ಹೇಳಿದರು, ನಾನು ಹೂಂ ಎಂದೆ. ಬೇಸಿಗೆಯಲ್ಲಿ ನಡೆಯಿತು. ಆಷಾಢದ ಮಳೆಯಲ್ಲಿ ಈ ಕರಾವಳಿಯ ಥಂಡಿಗೆ ಪಾವ್ ಮರುದಿನಕ್ಕೇ ಬೂಷ್ಟು ಹಿಡಿಯುತ್ತದೆ. ಬೇಕರಿಯವನಿಗೆ ಇದು ಗೊತ್ತಿಲ್ಲವೇ? ಗೊತ್ತಿತ್ತು. ಒಂದು ದಿನ ಬಾಯಿ ಚೀಲ ವಾಪಸು ತಂದು, ಹತ್ತು ಗಿರಾಕಿಗಳ ಎದುರು ಗಲ್ಲೆಯ ಮೇಲೆ ಇಟ್ಟರು. ಬೈಯಲಿಲ್ಲ. "ಇದನ್ನ ನಿಮ್ಮ ಮನೆ ಮಕ್ಕಳು ತಿಂದ್ರೆ ಹೇಳಿ, ನಾ ತಕ್ಕೊಂಡು ಹೋಗ್ತೆ" ಎಂದರು. ಆ ದಿನ ಅಂಗಡಿಯಲ್ಲಿದ್ದವರು ನೋಡಿದ್ದೀರಿ. ನೋಡದವರಿಗೂ ಹೇಳುತ್ತಿದ್ದೇನೆ.

ಮರುದಿನದಿಂದ ಬೆಳಗಿನ ಬಿಸಿ ಪಾವ್ ಹೋಗುತ್ತಿದೆ. ಆದರೆ ಆ ಚೀಲ ಇನ್ನೊಂದು ಪ್ರಶ್ನೆ ಎಬ್ಬಿಸಿತು. ದಿನವೂ ಸಂಜೆ ಅಷ್ಟು ಪಾವ್ ಉಳಿಯುತ್ತಿರುವುದೇಕೆ? ಕೂತು ಲೆಕ್ಕ ಹಾಕಿದರೆ ಸಂಜೆಯ ಭಟ್ಟಿ ಎರಡು ವರ್ಷದಿಂದ ತನ್ನ ಕಟ್ಟಿಗೆಯ ಖರ್ಚನ್ನೂ ಹುಟ್ಟಿಸಿಲ್ಲ. ಬೆಳಗಿನ ಭಟ್ಟಿ ಆರಿದ ಮೇಲೂ ಮಧ್ಯಾಹ್ನದವರೆಗೆ ಕಾವು ಹಿಡಿದಿರುತ್ತದೆ. ಆ ಕಾವು ಪಾವ್‌ಗೆ ಸಾಲದು, ಟೋಸ್ಟ್‌ಗೆ ಹದವಾಗಿ ಸಾಕು. ಟೋಸ್ಟ್ ಬೇಯಬೇಕಾಗಿಲ್ಲ, ನಿಧಾನ ಒಣಗಬೇಕು. ನಾವು ಅದನ್ನು ಸುಮ್ಮನೆ ಗಾಳಿಗೆ ಬಿಟ್ಟು, ನಾಲ್ಕು ಗಂಟೆಗೆ ಮತ್ತೆ ಕಟ್ಟಿಗೆ ತುಂಬುತ್ತಿದ್ದೆವು.

ಇನ್ನು ಮೇಲೆ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಭಟ್ಟಿ ಆ ಸ್ವಯಂಸೇವಕರದ್ದು. ಅವರು ಟೋಸ್ಟ್ ಮತ್ತು ನಾನ್‌ಖಟಾಯಿ ಮಾಡುತ್ತಾರೆ, ಡಿಸೆಂಬರಿನಲ್ಲಿ ಕ್ರಿಸ್‌ಮಸ್ಸಿಗೆ ಎಣ್ಣೆಯಲ್ಲಿ ಕರಿದ ಸಿಹಿತಿಂಡಿ ನೆವ್ರಿ, ಕುಲ್‌ಕುಲ್ ಕೂಡ. ಬಾಡಿಗೆ ಇಲ್ಲ. ಹಿಟ್ಟು, ಸಕ್ಕರೆ ಅವರದು. ಬಂದ ಲಾಭದಲ್ಲಿ ಒಂದು ಪಾಲು ಹಳೆಯ ಉದ್ರಿಗೆ ಜಮಾ. ಉದ್ರಿಯನ್ನು ಬಿಟ್ಟುಬಿಡುತ್ತೇವೆ ಎಂದು ನಾವು ಹೇಳಿದ್ದೆವು, ಅವರು ಒಪ್ಪಲಿಲ್ಲ. ಭಾವನಿಗೆ ಅದು ಒಳಗೊಳಗೇ ಖುಷಿ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಭಟ್ಟಿಯ ಹತ್ತಿರ ಮಕ್ಕಳು ಬರುವುದಿಲ್ಲ, ಕೆಲಸ ಮಾಡುವವರೆಲ್ಲ ದೊಡ್ಡವರು. ಪೊಟ್ಟಣದ ಮೇಲೆ ಅನಾಥ ಎಂಬ ಪದವೂ ಇಲ್ಲ, ಮಗುವಿನ ಚಿತ್ರವೂ ಇಲ್ಲ. ಟೋಸ್ಟ್ ಚೆನ್ನಾಗಿದ್ದರೆ ಕೊಳ್ಳಿ, ಮೆತ್ತಗಿದ್ದರೆ ಬಾಯಿಗೇ ಹೇಳಿ, ಕೇಳಿಸಿಕೊಳ್ಳುತ್ತಾರೆ.

ಡಬ್ಬಿ ತೆಗೆದದ್ದು ಏಕೆಂದರೆ, ಒಬ್ಬರು ಅದರಲ್ಲಿ 5,000 ಹಾಕಿ ಆಮೇಲೆ ತೆರಿಗೆ ರಿಯಾಯಿತಿಗೆ ರಸೀದಿ ಕೇಳಿದರು. ಪಾವ್ ಮಾರುವವರು ಎಲ್ಲಿಂದ ಕೊಡುವುದು? 80ಜಿ ಎಂದು ಜನ ಕರೆಯುವ ದೇಣಿಗೆಯ ತೆರಿಗೆ ರಿಯಾಯಿತಿ ಬೇಕಿದ್ದರೆ ಆ ನೋಂದಣಿ ಇರುವ ಟ್ರಸ್ಟಿಗೆ ನೇರವಾಗಿ ಕೊಡಬೇಕು. 2,000 ರೂಪಾಯಿ ಮೀರಿದ ನಗದಿಗೆ ಅದು ಸಿಗುವುದಿಲ್ಲ, ಚೆಕ್ಕು ಅಥವಾ ಬ್ಯಾಂಕಿನ ಮೂಲಕ ಆಗಬೇಕು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಹೇಗೆ ಕೊಟ್ಟರೂ ಇಲ್ಲ. ಕೊಡುವ ಮನಸ್ಸಿದ್ದವರು ಅಂಗಡಿಯಲ್ಲಿ ಕೇಳಿ, ಅವರ ಕಚೇರಿಯ ದಾರಿ ತೋರಿಸುತ್ತೇವೆ, ಅವರ ರಸೀದಿಯನ್ನೇ ತೆಗೆದುಕೊಳ್ಳಿ. ಹುಟ್ಟುಹಬ್ಬಕ್ಕೆ ದೊಡ್ಡ ಕೇಕ್ ಒಯ್ದು ಮಕ್ಕಳ ಜೊತೆ ಫೋಟೊ ತೆಗೆಸಿಕೊಳ್ಳುವುದು ಬೇಡ. ಕೇಕ್ ಮಾರುವ ನಾನೇ ಹೇಳುತ್ತಿದ್ದೇನೆ. ಅಲ್ಲಿ ಕೊರತೆ ಇರುವುದು ಗ್ಯಾಸ್ ಸಿಲಿಂಡರಿಗೆ, ಕರೆಂಟ್ ಬಿಲ್ಲಿಗೆ, ತೊಗರಿಬೇಳೆಗೆ, ಹುಡುಗಿಯರ ಪ್ಯಾಡಿಗೆ, ಜೂನ್ ಬಂದರೆ ನೋಟ್‌ಬುಕ್ಕು ಮತ್ತು ಕೊಡೆಗೆ.

ತೊಂದರೆ ಆಗುವುದು ಸಂಜೆಯ ಭಾಜಿ ಪಾವ್ ಗಾಡಿಗಳಿಗೆ ಎಂದು ನಮಗೆ ಗೊತ್ತು. ಹಿಂದಿನ ದಿನ ರಾತ್ರಿ ಹೇಳಿದರೆ ಬೆಳಗಿನ ಕೊನೆಯ ಘಾಣದಲ್ಲಿ ನಿಮ್ಮದನ್ನು ಬೇರೆ ತೆಗೆದಿಡುತ್ತೇವೆ, ಹನ್ನೊಂದರೊಳಗೆ ಒಯ್ಯಬೇಕು. ಪ್ಲಾಸ್ಟಿಕ್ಕಿನಲ್ಲಿ ಕಟ್ಟಬೇಡಿ, ಬೆವರಿ ಮೆತ್ತಗಾಗುತ್ತದೆ. ಬಟ್ಟೆ ಸುತ್ತಿ ಬುಟ್ಟಿಯಲ್ಲಿಟ್ಟರೆ ಸಂಜೆಯವರೆಗೆ ಚೆನ್ನಾಗಿರುತ್ತದೆ. ಕಡಕ್ ಪಾವ್ ಇನ್ನೂ ಒಳ್ಳೆಯದು. ಕಾಳಿ ನದಿಯ ಆಚೆ ಸದಾಶಿವಗಡದ ಕಡೆಯವರಿಗೆ ಸಂಜೆ ಸೈಕಲ್ ಹೇಗೂ ಬರುತ್ತಿರಲಿಲ್ಲ. 2024ರ ಆಗಸ್ಟಿನಲ್ಲಿ ಕಾಳಿಯ ಹಳೇ ಸೇತುವೆ ಬಿದ್ದ ಮೇಲೆ ಉಳಿದ ಸೇತುವೆಯ ವಾಹನಗಳ ನಡುವೆ ಹುಡುಗನನ್ನು ಕಳಿಸಲು ನಮಗೆ ಧೈರ್ಯ ಆಗಲಿಲ್ಲ.

ಸಂಜೆಯ ಕೂಪನ್ ಮುಂಗಡ ಕೊಂಡವರು ಬರುವ ಹತ್ತನೇ ತಾರೀಖಿನೊಳಗೆ ಉಳಿದ ಚೀಟಿ ತಂದುಕೊಟ್ಟು ಹಣ ಹಿಂದಕ್ಕೆ ಪಡೆಯಿರಿ. ಬೆಳಗಿನ ಪಾವ್‌ಗೆ ಬದಲಾಯಿಸಿಕೊಂಡರೂ ಆದೀತು, ಆ ಕೂಪನ್‌ಗಳಿಗೆ ಹಳೆಯ 5 ರೂಪಾಯಿ ದರವೇ. ರವಿವಾರ ಸಂತೆಯ ಗದ್ದಲ ಇರುತ್ತದೆ, ಬೇರೆ ದಿನ ಬನ್ನಿ.

ಇತಿ ನಿಮ್ಮ,
ಬೇಕರಿಯ ಪಾಲುದಾರರು
(ಬರೆದವನು ನಾನು, ಭಾವ ಓದಿ, ಬೂಷ್ಟಿನ ಸಂಗತಿ ತೆಗೆ ಎಂದರು, ತೆಗೆಯಲಿಲ್ಲ.)