ನಾಲ್ಕನೆಯವರ ದಾಖಲೆ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಮೊನ್ನೆ ನಿನಗೆ ಸಿಟ್ಟು ಬಂದದ್ದರಲ್ಲಿ ತಪ್ಪೇನಿಲ್ಲ. ಹರ್ಡಲ್ಸ್‌ನಲ್ಲಿ ನಾಲ್ಕನೇ ಸ್ಥಾನ ಬಂದರೆ ಸಾಕು, ಕೇರಳದಲ್ಲಿ ಕಂಡಕಂಡವರೆಲ್ಲ ಪಿ.ಟಿ. ಉಷಾ ಹೆಸರೆತ್ತಿ ಸಮಾಧಾನ ಮಾಡಲು ಬರುತ್ತಾರೆ. ಹಾಸ್ಟೆಲಿನ ವಾರ್ಡನ್, ಅಡುಗೆಯವರು, ಕೊನೆಗೆ ನಿನ್ನ ಅಮ್ಮನೂ. "ಒಲಿಂಪಿಕ್ಸ್‌ನಲ್ಲಿ ಉಷಾ ಕೂಡ ನಾಲ್ಕನೆಯವರೇ ಅಲ್ವಾ?" ಅಂತ. ಆ ಕತೆ ಇನ್ನೊಮ್ಮೆ ಹೇಳಿದರೆ ಫೋನ್ ಇಡುತ್ತೇನೆ ಅಂದೆ, ಇಟ್ಟೇಬಿಟ್ಟೆ. ಅದಕ್ಕೇ ಈ ಪತ್ರ.

ನಾನೂ ಅದೇ ಕತೆಯನ್ನೇ ಹೇಳುವವನು. ಆದರೆ ಎಲ್ಲರೂ ಅದನ್ನು ಅರ್ಧಕ್ಕೇ ನಿಲ್ಲಿಸಿಬಿಡುತ್ತಾರೆ, ನನ್ನ ತಕರಾರು ಅಷ್ಟೇ.

1984ರಲ್ಲಿ ನಾನು ಐದನೇ ಕ್ಲಾಸು. ಆ ವರ್ಷ ಮೇ 24ಕ್ಕೆ ನಮ್ಮ ಕಾಸರಗೋಡು ಬೇರೆ ಜಿಲ್ಲೆಯಾಯಿತು. ಅಲ್ಲಿಯವರೆಗೆ ನಾವೂ ಕಣ್ಣೂರು ಜಿಲ್ಲೆಯವರೇ. ನೀನು ಈಗ ಹಾಸ್ಟೆಲಿನಲ್ಲಿ ಕೂತು ಪರ ಊರು ಅಂತ ಬೇಜಾರು ಮಾಡಿಕೊಳ್ಳುತ್ತೀಯಲ್ಲ, ಅದೇ ಕಣ್ಣೂರು! ಆಗಸ್ಟ್ 8ಕ್ಕೆ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಆ ಓಟ ನಡೆಯಿತು. ಬದಿಯಡ್ಕ ಪೇಟೆಯಲ್ಲಿ ದೊಡ್ಡವರು ಪೇಪರ್ ಹಿಡಿದುಕೊಂಡು, ಒಂದು ಸೆಕೆಂಡನ್ನು ನೂರು ಪಾಲು ಮಾಡುವುದು ಹೇಗೆ ಅಂತ ಜೋರು ಚರ್ಚೆ ಮಾಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಹೆಂಗಸರ 400 ಮೀಟರ್ ಹರ್ಡಲ್ಸ್ ಒಲಿಂಪಿಕ್ಸ್‌ಗೆ ಬಂದದ್ದೇ ಆ ವರ್ಷ. ಹತ್ತು ಹರ್ಡಲ್, ಒಂದೊಂದೂ ಎರಡೂವರೆ ಅಡಿ ಎತ್ತರ, ನಡುವೆ 35 ಮೀಟರ್ ಅಂತರ. ಹತ್ತನೆಯದು ದಾಟಿದ ಮೇಲೆ ಕೊನೆಯ 40 ಮೀಟರ್ ಬರೀ ಓಟ. ಇದೆಲ್ಲ ನಿನಗೆ ನನಗಿಂತ ಜಾಸ್ತಿ ಗೊತ್ತು. ಉಷಾಗೆ ಆಗ ಇಪ್ಪತ್ತು ವರ್ಷ. ಸೆಮಿಫೈನಲ್‌ನಲ್ಲಿ 55.54 ಸೆಕೆಂಡಿನಲ್ಲಿ ಮೊದಲಿಗರಾಗಿ ಬಂದಿದ್ದರು. ಅಮೆರಿಕದ ಜೂಡಿ ಬ್ರೌನ್ ಅಲ್ಲಿ ಅವರ ಹಿಂದೆ. ಫೈನಲ್‌ನಲ್ಲಿ ಮೊದಲ ಸಲ ಉಷಾ ಒಳ್ಳೆಯ ಸ್ಟಾರ್ಟ್ ತೆಗೆದುಕೊಂಡರು. ಆದರೆ ಬೇರೊಬ್ಬರು ಗುಂಡಿನ ಸದ್ದಿಗೆ ಮೊದಲೇ ಹೊರಟು ಫೌಲ್ ಆಯಿತು ಅಂತ ಎಲ್ಲರನ್ನೂ ವಾಪಸ್ ಕರೆದರು. ಎರಡನೇ ಸಲ ಅಷ್ಟು ಚೆನ್ನಾಗಿ ಏಳಲು ಆಗಲಿಲ್ಲ.

ಮೊರಾಕ್ಕೊದ ನವಾಲ್ ಎಲ್ ಮುತವಕಿಲ್ 54.61. ಜೂಡಿ ಬ್ರೌನ್ 55.20. ರೊಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು 55.41. ಉಷಾ 55.42.

ಸುಮ್ನೆ ಲೆಕ್ಕ ಹಾಕಿ ನೋಡಿದೆ. ಆ ವೇಗದಲ್ಲಿ ಒಂದು ಸೆಕೆಂಡಿನ ನೂರನೇ ಪಾಲು ಅಂದರೆ ಏಳು ಸೆಂಟಿಮೀಟರ್ ಆಸುಪಾಸು. ನಿನ್ನ ಅಂಗೈ ಅಗಲ. ಗೆರೆ ದಾಟುವಾಗ ಕಾಲನ್ನೂ ನೋಡುವುದಿಲ್ಲ, ತಲೆಯನ್ನೂ ನೋಡುವುದಿಲ್ಲ, ಎದೆ ಯಾವಾಗ ತಲುಪಿತು ಅಂತ ನೋಡುತ್ತಾರೆ. ಉಷಾ ಕೊನೆಯ ಹೆಜ್ಜೆಯಲ್ಲಿ ಎದೆ ಮುಂದೆ ಚಾಚಲಿಲ್ಲ ಅನ್ನುವ ಕೊರಗು ಅವರ ಕೋಚ್ ಒ.ಎಂ. ನಂಬಿಯಾರರಿಗೆ ಕೊನೆಯವರೆಗೂ ಇತ್ತು.

ಊಟದ ವಿಷಯ ಉಷಾ ಅವರೇ ಆಮೇಲೆ ಹೇಳಿದ್ದಾರೆ. ಅಲ್ಲಿಯ ತಿಂಡಿ ಒಗ್ಗದೆ ಗಂಜಿ ಮತ್ತು ಮಾವಿನಮಿಡಿ ಉಪ್ಪಿನಕಾಯಿ ತಿಂದೇ ಓಡಿದ್ದಂತೆ. ಕೊನೆಯ 35 ಮೀಟರಿನಲ್ಲಿ ಶಕ್ತಿ ಸಾಲದೆ ಹೋದದ್ದು ಅದರಿಂದಲೇ ಅಂತ ಅವರ ಅಭಿಪ್ರಾಯ. ಇದನ್ನು ಓದಿ ನಿನ್ನ ಅಜ್ಜಿಗೆ ಬಹಳ ಹೆಮ್ಮೆ, ಗಂಜಿಯಲ್ಲೇ ಒಲಿಂಪಿಕ್ಸ್ ಓಡಬಹುದು ಅಂತ! ನೀನು ಹಾಗೆ ತಿಳಿಯಬೇಡ. ಹಾಸ್ಟೆಲ್‌ನಲ್ಲಿ ಕೊಡುವ ಮೊಟ್ಟೆ ಬಿಡಬಾರದು.

ಜನ ಕತೆ ನಿಲ್ಲಿಸುವುದು ಇಲ್ಲೇ. ಅಯ್ಯೋ ಪಾಪ, ಕೂದಲೆಳೆಯಲ್ಲಿ ತಪ್ಪಿತು ಅಂತ. ಆದರೆ ಆ 55.42 ಏನು ಗೊತ್ತಾ? ಅದೇ ರಾಷ್ಟ್ರೀಯ ದಾಖಲೆ. ಪದಕ ತಪ್ಪಿದ ಓಟವೇ ದಾಖಲೆಯ ಓಟ, ಎರಡೂ ಒಂದೇ. 39 ವರ್ಷ ಭಾರತದ ಒಬ್ಬ ಹುಡುಗಿಗೂ ಅದನ್ನು ಮುಟ್ಟಲು ಆಗಲಿಲ್ಲ. 2023ರ ಅಕ್ಟೋಬರ್ 2ಕ್ಕೆ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕೊಯಮತ್ತೂರಿನ ವಿದ್ಯಾ ರಾಮರಾಜ್ ಹೀಟ್ಸ್‌ನಲ್ಲಿ, ಅಂದರೆ ಮೊದಲ ಸುತ್ತಿನಲ್ಲಿ, ಓಡಿದಾಗ ಬೋರ್ಡಿನ ಮೇಲೆ ಬಂದದ್ದು 55.42. ಮುರಿಯಲಿಲ್ಲ, ಸರಿಗಟ್ಟಿದರು. ಮಾರನೇ ದಿನ ಫೈನಲ್‌ನಲ್ಲಿ ಅವರು ಓಡಿದ್ದು 55.68, ಅದಕ್ಕೆ ಕಂಚು ಸಿಕ್ಕಿತು. ಹಿಂದಿನ ದಿನಕ್ಕಿಂತ ನಿಧಾನ ಓಡಿದರೂ ಪದಕ! ಉಷಾ ತಮ್ಮ ಜೀವಮಾನದ ಓಟ ಓಡಿಯೂ ಬರಿಗೈ. ಪಕ್ಕದ ಲೇನಿನಲ್ಲಿ ಯಾರು ಓಡುತ್ತಾರೆ ಅನ್ನುವುದು ನಮ್ಮ ಕೈಯಲ್ಲಿಲ್ಲ ಮಗಳೇ.

ಲಾಸ್ ಏಂಜಲೀಸ್ ಆದ ಮರುವರ್ಷವನ್ನಂತೂ ಯಾರೂ ಹೇಳುವುದೇ ಇಲ್ಲ. ನನಗೆ ಅದೇ ದೊಡ್ಡದು. 1985ರಲ್ಲಿ ಜಕಾರ್ತದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 100, 200, 400 ಮೀಟರ್, 400 ಮೀಟರ್ ಹರ್ಡಲ್ಸ್, ಜೊತೆಗೆ 4x400 ರಿಲೇ, ಐದರಲ್ಲೂ ಚಿನ್ನ. 4x100 ರಿಲೇಯಲ್ಲಿ ಒಂದು ಕಂಚು. ಒಂದೇ ಕೂಟದಲ್ಲಿ! ಹೀಟ್ಸ್ ಎಲ್ಲ ಸೇರಿಸಿದರೆ ಆ ಕಾಲುಗಳು ಎಷ್ಟು ಸಲ ಸ್ಟಾರ್ಟ್ ಗೆರೆಗೆ ಬಂದಿರಬೇಕು, ನೀನೇ ಊಹಿಸು. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಮತ್ತೆ ನಾಲ್ಕು ಚಿನ್ನ. 100 ಮೀಟರಿನಲ್ಲಿ ಮಾತ್ರ ಫಿಲಿಪ್ಪೀನ್ಸ್‌ನ ಲಿಡಿಯಾ ಡಿ ವೇಗಾ ಮುಂದೆ, ಉಷಾಗೆ ಬೆಳ್ಳಿ.

1988ರ ಒಲಿಂಪಿಕ್ಸ್‌ನಲ್ಲಿ ಹಿಮ್ಮಡಿ ನೋವು. ಹೀಟ್ಸ್‌ನಲ್ಲೇ ಕೊನೆಯವರಾಗಿ ಬಂದರು. ನಮ್ಮ ಕೊಡಗಿನ ಓಟಗಾರ್ತಿ ಅಶ್ವಿನಿ ನಾಚಪ್ಪ ಉಷಾರನ್ನು ಹಿಂದೆ ಹಾಕಿದ್ದೂ ಉಂಟು. 1991ರಲ್ಲಿ ಮದುವೆ, ಆಮೇಲೆ ಮಗ. ಇಲ್ಲಿಗೆ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡರು. 1998ರಲ್ಲಿ 34ನೇ ವಯಸ್ಸಿನಲ್ಲಿ ಜಪಾನಿನ ಫುಕುಓಕಾಕ್ಕೆ ಹೋಗಿ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 200ರಲ್ಲೂ 400ರಲ್ಲೂ ಕಂಚು ತಂದರು. ನನ್ನ ಕೇಳಿದರೆ ಆ ಎರಡು ಕಂಚು ಜಕಾರ್ತದ ಚಿನ್ನಕ್ಕಿಂತ ತೂಕ. ನಿನ್ನ ಅಮ್ಮ ಇದನ್ನು ಒಪ್ಪುವುದಿಲ್ಲ. ಚಿನ್ನ ಚಿನ್ನವೇ ಅನ್ನುತ್ತಾಳೆ.

ಇನ್ನು ನಿನ್ನ ಹಾಸ್ಟೆಲ್ ವಿಷಯ. 1976ರಲ್ಲಿ ಕೇರಳ ಸರಕಾರ ಹುಡುಗಿಯರಿಗಾಗಿ ಸ್ಪೋರ್ಟ್ಸ್ ಡಿವಿಜನ್ ಶುರು ಮಾಡಿದ್ದು ಇದೇ ಕಣ್ಣೂರಿನಲ್ಲಿ. ಮೊದಲ ಬ್ಯಾಚಿನ 40 ಹುಡುಗಿಯರಲ್ಲಿ ಉಷಾ ಒಬ್ಬರು. ಪಯ್ಯೋಳಿಯಿಂದ ಬಂದ ಬಡಕಲು ಹುಡುಗಿ, ಆಗಾಗ ಹುಷಾರು ತಪ್ಪುತ್ತಿದ್ದವರು. ನಂಬಿಯಾರರ ಕಣ್ಣಿಗೆ ಬಿದ್ದದ್ದು ಅಲ್ಲೇ. ಅವರು ವಾಯುಸೇನೆಯಲ್ಲಿದ್ದು ಬಂದ ಮೇಷ್ಟ್ರು. ಸಿಂಥೆಟಿಕ್ ಟ್ರ್ಯಾಕ್ ಅಂದರೆ ಏನಂತ ನಮ್ಮ ಕಡೆ ಯಾರಿಗೂ ಗೊತ್ತಿಲ್ಲದ ಕಾಲ, ಪಯ್ಯೋಳಿ ಕಡಲ ಬದಿಯ ಮರಳಿನಲ್ಲೇ ಓಡಿಸುತ್ತಿದ್ದರು. ಹೊಯಿಗೆಯಲ್ಲಿ ಕಾಲು ಕೀಳುವುದು ಎಷ್ಟು ಕಷ್ಟ ಅಂತ ಕುಂಬಳೆ ಕಡಪ್ಪುರದಲ್ಲಿ ನೀನೇ ನೋಡಿದ್ದೀಯಲ್ಲ, ನೂರು ಮೀಟರ್ ಆಗುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು ಕೂತಿದ್ದೆ. 1980ರಲ್ಲಿ 16ನೇ ವಯಸ್ಸಿಗೆ ಉಷಾ ಮಾಸ್ಕೊ ಒಲಿಂಪಿಕ್ಸ್‌ಗೆ ಹೋದದ್ದು ಆ ಮರಳಿನಿಂದಲೇ. ಅಲ್ಲಿ ಹೀಟ್ಸ್‌ನಲ್ಲಿ ಐದನೆಯವರು. ಅದು ಯಾರಿಗೂ ನೆನಪಿಲ್ಲ, ಅಷ್ಟೇ.

ಕನ್ನಡ ಮೀಡಿಯಂನವಳು ಅಂತ ಊಟದ ಟೇಬಲ್ಲಿನಲ್ಲಿ ನಗುತ್ತಾರೆ ಅಂದಿದ್ದೆ. ನಗಲಿ ಬಿಡು. ಆರು ತಿಂಗಳಲ್ಲಿ ನೀನು ಅವರಿಗಿಂತ ಜೋರು ಮಲಯಾಳ ಮಾತಾಡುತ್ತೀಯ. ನಮ್ಮ ಮನೆಯಲ್ಲಿ ಮೂರು ಭಾಷೆಯಲ್ಲಿ ಜಗಳ ಮಾಡಲು ಕಲಿತವಳು ನೀನು.

ನಿನ್ನ ಕೋಚ್ ನಿನ್ನೆ ನನಗೆ ಫೋನ್ ಮಾಡಿದ್ದರು. ಈ ಸಲದ್ದು ನಿನ್ನ ಇದುವರೆಗಿನ ಅತಿ ಒಳ್ಳೆಯ ಸಮಯವಂತೆ! ನಾಲ್ಕನೇ ಸ್ಥಾನ ಅಂತ ಅಷ್ಟು ಅತ್ತೆ, ಸಮಯ ಎಷ್ಟು ಅಂತ ನಮಗೆ ಹೇಳಲೇ ಇಲ್ಲ. ನಾವೂ ಕೇಳಲಿಲ್ಲ ಅನ್ನು. ಈಗ ಕೇಳುತ್ತಿದ್ದೇನೆ, ಪಾಯಿಂಟ್ ಆದ ಮೇಲಿನ ಎರಡಂಕಿ ಸಮೇತ ಬರೆದು ಕಳಿಸು. ಎಂಟನೇ ಹರ್ಡಲ್ ಹತ್ತಿರ ಹೆಜ್ಜೆ ತಪ್ಪಿ ಕಾಲು ಬದಲಾಗುತ್ತಿದೆ ಅಂತಲೂ ಅವರು ಹೇಳಿದರು. ನನಗೆ ಪೂರ್ತಿ ಅರ್ಥ ಆಗಲಿಲ್ಲ. ಎಡಗಾಲು ಮುಂದಿಟ್ಟು ಹಾರುವುದನ್ನೂ ಅಭ್ಯಾಸ ಮಾಡಿಸುತ್ತಾರಂತೆ. ನೀನು ವಾದ ಮಾಡಲು ಹೋಗಬೇಡ.

ಭಾನುವಾರ ಬೆಳಗಿನ ಗಾಡಿಗೆ ಬರುತ್ತೇನೆ. ಸ್ಪೈಕ್ಸ್ ಶೂ ಆರೋ ಏಳೋ ನಂಬರು, ಶನಿವಾರದ ಒಳಗೆ ಮೆಸೇಜ್ ಹಾಕು. ಅಜ್ಜಿ ಹಲಸಿನ ಹಪ್ಪಳ ಕಟ್ಟಿ ಇಟ್ಟಿದ್ದಾರೆ. ವಾರ್ಡನ್‌ಗೂ ಒಂದು ಕಟ್ಟು ಬೇರೆ ಇದೆ, ಅದನ್ನು ನೀನೇ ತಿಂದು ಮುಗಿಸಬೇಡ.

ನಿನ್ನ ಅಪ್ಪ